ಯಾವ ಮನೆಯವರು ಅಂತ ಕೇಳಿದರೆ ನಮ್ಮ ಹೆಸರು ಹೇಳಿ

ಕೊಡಗಿಗೆ ಬಂದವರು ಏನೇನು ನೋಡಬೇಕು ಎಂದು ಹೇಳುವುದಕ್ಕೆ ನನಗಿಂತ ಯೋಗ್ಯ ವ್ಯಕ್ತಿ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ಮೊನ್ನೆಯವರೆಗೂ ನಂಬಿದ್ದೆ. ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ, ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತನಾಗಿದ್ದೂ ಇಲ್ಲೇ. ಈಗ ಬಿಟ್ಟಂಗಾಲದಲ್ಲಿ ಮನೆ. ಇಂಥವನಿಗೆ ಕೊಡಗು ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು!

ಆದ್ದರಿಂದ ಪಕ್ಕದ ಮನೆಯ ಬೋಜಮ್ಮಕ್ಕ ಬೇಲಿಯ ಹತ್ತಿರ ಬಂದು, "ಕುಶಾಲಪ್ಪ, ನಿನ್ನಿಂದ ಒಂದು ಉಪಕಾರ ಆಗಬೇಕು" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಬೋಜಮ್ಮಕ್ಕ ಹಿಂದಿನ ಎರಡು ಕೋಣೆಗೆ ಸುಣ್ಣ ಬಳಿಸಿ, ಗೀಸರ್ ಹಾಕಿಸಿ, ಹೋಂಸ್ಟೇ ಶುರು ಮಾಡಿದ್ದರು. ಬೋರ್ಡು ಹಾಕಿ ನಾಲ್ಕು ತಿಂಗಳಾದರೂ ಒಂದು ನರಪಿಳ್ಳೆ ಬಂದಿರಲಿಲ್ಲ. ಈಗ ಮೊದಲ ಬಾರಿಗೆ ದಾವಣಗೆರೆಯಿಂದ ಒಂದು ಕುಟುಂಬ ಬರುತ್ತಿತ್ತು. ಬಟ್ಟೆ ಅಂಗಡಿಯ ಶಿವಾನಂದಪ್ಪ, ಅವರ ಹೆಂಡತಿ, ಎಪ್ಪತ್ತೈದು ದಾಟಿದ ತಾಯಿ.

"ಇವರು ಇಂಟರ್ನೆಟ್‌ನಲ್ಲಿ ಒಳ್ಳೇದು ಬರೆದ್ರೆ ಇನ್ನು ನಾಲ್ಕು ಜನ ಬರ್ತಾರೆ. ಕೆಟ್ಟದ್ದು ಬರೆದ್ರೆ ಮುಗೀತು ಮಾರಾಯ, ನನ್ನ ಮಗ ಆ ರೂಮಿಗೆ ಗೊಬ್ಬರದ ಮೂಟೆ ತುಂಬಿಸ್ತಾನಂತೆ. ಊಟ, ತಿಂಡಿ ನಾನು ನೋಡ್ತೇನೆ. ಎಲ್ಲೆಲ್ಲಿ ಹೋಗಬೇಕು ಅಂತ ನೀನು ಒಂದು ಕಾಗದದಲ್ಲಿ ಬರೆದು ಕೊಡು" ಎಂದರು ಬೋಜಮ್ಮಕ್ಕ.

ಒಂದು ಕಾಗದ ಸಾಲುತ್ತದೆಯೇ? ಮೂರು ಹಾಳೆ ಬರೆದೆ! 'ಕೊಡಗಿಗೆ ಆಗಮಿಸಿರುವ ಮಾನ್ಯ ಅತಿಥಿಗಳ ಅವಗಾಹನೆಗೆ ಸ್ಥಳೀಯನ ವಿನಮ್ರ ಸಲಹೆಗಳು' ಎಂದು ತಲೆಬರಹ. ಎಲ್ಲರೂ ಹೋಗುವ ಜಲಪಾತ, ಎಲ್ಲರೂ ಫೋಟೊ ತೆಗೆಯುವ ಉದ್ಯಾನ, ಇವನ್ನೆಲ್ಲ ಮೊದಲ ಸಾಲಿನಲ್ಲೇ ತಳ್ಳಿಹಾಕಿದೆ. ಅವು ಹೊರಗಿನವರ ಕೊಡಗು. ನಾನು ತೋರಿಸುವುದು ಒಳಗಿನ ಕೊಡಗು. ಬೆಳಿಗ್ಗೆ ನಮ್ಮೂರ ಗುಡ್ಡದ ಮೇಲಿಂದ ಸೂರ್ಯೋದಯ. ಆಮೇಲೆ ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ ನೂಪುಟ್ಟು, ಅಂದರೆ ನಮ್ಮ ಕಡೆಯ ಒತ್ತುಶ್ಯಾವಿಗೆ, ಮತ್ತು ಕಡಲೆ ಸಾರು. ಅಲ್ಲಿಂದ ಪಾಲಿಬೆಟ್ಟದಲ್ಲಿ ನನ್ನ ಬಾಲ್ಯಸ್ನೇಹಿತ ಚಂಗಪ್ಪನ ತೋಟದಲ್ಲಿ ತಿರುಗಾಟ, ಅವನ ಮನೆಯ ಕಾಫಿ.

ಕೊನೆಗೆ ಒಂದು ಮುಖ್ಯ ಸೂಚನೆ. ನಮ್ಮ ಕಡೆ ಹೊಸಬರನ್ನು ಕಂಡರೆ ಹೆಸರು ಕೇಳುವ ಮೊದಲು 'ಯಾವ ಮನೆಯವರು?' ಎಂದು ಕೇಳುತ್ತಾರೆ. ಮನೆತನ ಗೊತ್ತಾಗದೆ ಮಾತು ಮುಂದೆ ಹೋಗುವುದಿಲ್ಲ. ದಾವಣಗೆರೆಯವರು ಅಲ್ಲಿ ತಬ್ಬಿಬ್ಬಾಗಬಾರದಲ್ಲ! ಆದ್ದರಿಂದ ನಮ್ಮ ಮನೆತನದ ಹೆಸರನ್ನೇ ಕೊಟ್ಟು ಕೆಂಪು ಶಾಯಿಯಲ್ಲಿ ಬರೆದೆ: 'ಯಾರಾದರೂ ಯಾವ ಮನೆಯವರು ಎಂದು ಕೇಳಿದಲ್ಲಿ, ಬಿಟ್ಟಂಗಾಲದ ಮೇಲಿನಗದ್ದೆ ಮನೆಯ ನೆಂಟರು ಎನ್ನತಕ್ಕದ್ದು. ಮಿಕ್ಕದ್ದು ತಾನಾಗಿ ಆಗುತ್ತದೆ.'

ಮಿಕ್ಕದ್ದು ತಾನಾಗಿಯೇ ಆಯಿತು.

ನನ್ನ ಹೆಂಡತಿ ಶಾರದೆ ಮೂರೂ ಹಾಳೆ ಓದಿದಳು. ಅವಳು ಕುಶಾಲನಗರದ ಕಡೆಯವಳು. ಹಾಸನದಿಂದ ಬಂದು ನೆಲೆಸಿದ ಮನೆತನ. ಏನನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ.

"ಅಲ್ರೀ, ಈ ಗುಡ್ಡಕ್ಕೆ ನೀವು ಕೊನೇ ಸಲ ಹೋಗಿದ್ದು ಯಾವಾಗ?"

"ಗುಡ್ಡ ಎಲ್ಲಿಗೆ ಹೋಗ್ತದೆ? ಇದ್ದಲ್ಲೇ ಇರ್ತದೆ" ಎಂದೆ.

"ಹೋಟ್ಲು?"

"ನೀನು ಸುಮ್ಮನಿರು ಮಾರಾಯ್ತಿ."

ದಾವಣಗೆರೆಯವರು ಶನಿವಾರ ಸಂಜೆ ಬಂದರು. ಆ ಹೊತ್ತಿಗೆ ನಾನು ಏಣಿ ಹಾಕಿ ಎಳೆ ಹಲಸು ಇಳಿಸುತ್ತಿದ್ದೆ. ಮರದ ಮೇಲಿಂದಲೇ ನಮಸ್ಕಾರ ಹೇಳಿ, ಕೆಳಗಿಳಿದು, ಹಾಳೆಗಳನ್ನು ಎರಡೂ ಕೈಯಿಂದ ಒಪ್ಪಿಸಿದೆ. ಶಿವಾನಂದಪ್ಪ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಭಾಳ ಉಪಕಾರ ಆತ್ರೀ ಸರ. ಊರಿನವ್ರು ಹೇಳಿದ್ರ ಆ ಮಾತೇ ಬ್ಯಾರೆ" ಎಂದರು. ಬೋಜಮ್ಮಕ್ಕನ ಮುಖ ಅರಳಿತು. ನನ್ನದೂ.

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಮೊದಲ ಫೋನ್ ಬಂತು.

"ಸರ, ದೊಡ್ಡ ಮರದ ಹತ್ರ ಎಡಕ್ಕೆ ತಿರುಗ್ರಿ ಅಂತ ಬರ್ದೀರಿ. ಮರ ಎಲ್ಲೂ ಕಾಣವಲ್ದು."

ಆಗ ನೆನಪಾಯಿತು. ಆ ಮರ ಬಿದ್ದು ಹನ್ನೆರಡು ವರ್ಷವಾಗಿದೆ! ಆದರೆ ನಮ್ಮೂರಿನಲ್ಲಿ ಇಂದಿಗೂ ಎಲ್ಲರೂ 'ದೊಡ್ಡ ಮರದ ಹತ್ತಿರ' ಎಂದೇ ಹೇಳುವುದು. ಬಸ್ಸಿನವನೂ ಅಲ್ಲೇ ನಿಲ್ಲಿಸುತ್ತಾನೆ. ಮರವಿಲ್ಲ ಎಂಬ ಕಾರಣಕ್ಕೆ ಜಾಗದ ಹೆಸರು ಬದಲಿಸಲಾಗುತ್ತದೆಯೇ? ಇದನ್ನು ಶಿವಾನಂದಪ್ಪನವರಿಗೆ ವಿವರಿಸಿ ದಾರಿ ಹೇಳುವಷ್ಟರಲ್ಲಿ ಸೂರ್ಯ ನನಗಾಗಿ ಕಾಯದೆ ಹುಟ್ಟಿಬಿಟ್ಟಿದ್ದ. ಗುಡ್ಡದ ಬುಡಕ್ಕೆ ತಲುಪಿದವರಿಗೆ ಕಂಡದ್ದು ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿ. ಗುಡ್ಡ ಇದ್ದಲ್ಲೇ ಇತ್ತು. ಹತ್ತಲು ದಾರಿ ಇರಲಿಲ್ಲ.

"ಪರವಾಗಿಲ್ಲ, ಮುಂದೆ ಹೋಟೆಲ್ ಉಂಟಲ್ಲ" ಎಂದೆ.

ಎಂಟೂವರೆಗೆ ಎರಡನೆಯ ಫೋನ್. ಬಸ್‌ಸ್ಟ್ಯಾಂಡ್ ಹಿಂದೆ ಹೋಟೆಲಿರಲಿಲ್ಲ, ಮೊಬೈಲ್ ಅಂಗಡಿ ಇತ್ತು. ಹೋಟೆಲ್ ಮುಚ್ಚಿ ಆರು ವರ್ಷವಾಯಿತಂತೆ. ಅಂಗಡಿಯವನು ಮಾತಿಗೆ ಸಿಕ್ಕವರನ್ನು ಬಿಡದೆ, ಮೂವರ ಫೋನಿಗೂ ಹೊಸ ಗಾಜು ಅಂಟಿಸಿ ಕಳಿಸಿದ್ದ. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ನನಗಿಂತ ನಿಮಗೇ ಊರು ಹೊಸದು" ಎಂದಳು ಶಾರದೆ. ನಾನು ಪೇಪರ್ ಓದುವವನಂತೆ ಕೂತೆ. ಚಂಗಪ್ಪನ ಮನೆ ಒಂದಾದರೂ ಇದ್ದೇ ಇರುತ್ತದೆ ಎಂಬ ಧೈರ್ಯವಿತ್ತು.

ಮನೆ ಇತ್ತು. ಹತ್ತೂಕಾಲಿಗೆ ಚಂಗಪ್ಪನೇ ಫೋನ್ ಮಾಡಿದ. ಹಿಂದೆ ಏನೇನೋ ಗಲಾಟೆ, ಹೆಂಗಸರ ನಗು, ಕಾರಿನ ಹಾರನ್ನು.

"ಕುಶಾಲಾ, ನಿನ್ನ ಮೇಲೆ ನನಗೆ ತುಂಬ ಸಿಟ್ಟಿತ್ತು ಗೊತ್ತುಂಟಾ? ಈಗ ಹೋಯ್ತು. ನಿಂಗೆ ಬರಲಿಕ್ಕೆ ಆಗದಿದ್ರೂ ಮನೆಯವರನ್ನು ಕಳಿಸಿದೆಯಲ್ಲ! ಅಷ್ಟು ದೂರದಿಂದ! ಅಜ್ಜಿಯನ್ನೂ! ಇಡು, ಹೊರಡ್ತಾ ಇದ್ದೇವೆ."

ಫೋನ್ ಇಟ್ಟ. ನಾನು ಪೇಪರ್ ಇಟ್ಟೆ.

ಆ ದಿನ ಚಂಗಪ್ಪನ ತಮ್ಮನ ಮಗನ ಮದುವೆ! ಗೋಣಿಕೊಪ್ಪಲಿನ ಕಲ್ಯಾಣಮಂಟಪದಲ್ಲಿ. ಕಾರ್ಡು ಬಂದು ಎರಡು ತಿಂಗಳಾಗಿತ್ತು. ವಾರದ ಹಿಂದೆ ಅವನು ಫೋನ್ ಮಾಡಿದಾಗ ನಾನು ಕ್ಷೀಣ ದನಿಯಲ್ಲಿ, "ಮೊಣಕಾಲು ನೋವು ಚಂಗಪ್ಪ, ಎರಡು ಹೆಜ್ಜೆ ಇಡಲಿಕ್ಕೆ ಆಗುವುದಿಲ್ಲ" ಎಂದಿದ್ದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಮದುವೆಯೆಂದರೆ ಬೂಟು ಹಾಕಬೇಕು, ಕೋಟು ಹಾಕಬೇಕು, ಸಿಕ್ಕಿದವರ ಹತ್ತಿರವೆಲ್ಲ ನಗಬೇಕು. ಐದಾರು ವರ್ಷದಿಂದ ನಾನು ಎಲ್ಲ ಮದುವೆಗೂ ಇಂಥದೊಂದು ಕಾಯಿಲೆ ಕಳಿಸುತ್ತಿದ್ದೆ. ಹೋಗದ ಮದುವೆಯ ತಾರೀಖು ಯಾರಿಗೆ ನೆನಪಿರುತ್ತದೆ!

"ಕಾರ್ಡ್ ಬಂದದ್ದು ನಂಗೆ ಯಾಕ್ರೀ ಹೇಳ್ಲಿಲ್ಲ?" ಎಂದಳು ಶಾರದೆ.

ಉತ್ತರ ಕೊಡುವ ಮೊದಲೇ ಬೇಲಿಯಾಚೆ ಬೋಜಮ್ಮಕ್ಕ ಕೇಳಿಸಿಕೊಂಡಿದ್ದರು. "ಅಯ್ಯೋ ಕುಶಾಲಪ್ಪ! ಅವರು ಈರುಳ್ಳಿ ಮುಟ್ಟಲಿಕ್ಕೂ ಎರಡು ಸಲ ಯೋಚನೆ ಮಾಡುವ ಜನ. ಅಲ್ಲಿ ಹಂದಿಮಾಂಸದ ಪಂದಿ ಕರಿ! ಆ ಅಜ್ಜಿಯ ಎಲೆಗೆ ಯಾರಾದ್ರೂ ಬಡಿಸಿಬಿಟ್ರೆ? ನನ್ನ ಹೋಂಸ್ಟೇ ಕತೆ ಎಂಥ ಆಗ್ತದೆ?" ಅವರ ಕಣ್ಣಲ್ಲಿ ನೀರು ಬಂದಿತ್ತು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

ಶಿವಾನಂದಪ್ಪನವರ ಫೋನಿಗೆ ಏಳು ಸಲ ಮಾಡಿದೆ. ತೆಗೆಯಲಿಲ್ಲ. ಹೋಗಿ ಕರೆತರದೆ ಬೇರೆ ದಾರಿಯಿರಲಿಲ್ಲ. ಆದರೆ ಹೇಗೆ ಹೋಗಲಿ? ಎರಡು ಹೆಜ್ಜೆ ಇಡಲಾರದ ಮನುಷ್ಯ ನಾನು!

ಶಾರದೆ ಒಳಗಿಂದ ಕ್ರೇಪ್ ಬ್ಯಾಂಡೇಜ್ ತಂದು ನನ್ನ ಬಲಗಾಲಿಗೆ, ಪ್ಯಾಂಟಿನ ಮೇಲೆಯೇ, ಸುತ್ತಿದಳು. ಕಾಣಬೇಕಲ್ಲ! ಮಾವನವರ ಕಾಲದ ಊರುಗೋಲನ್ನು ಕೈಗೆ ಕೊಟ್ಟಳು. ಬಸ್ಸಿನಲ್ಲಿ ಇಬ್ಬರು ಎದ್ದು ಜಾಗ ಬಿಟ್ಟರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮಂಟಪದ ಬಾಗಿಲಲ್ಲಿ ಮೊಣಕಾಲುದ್ದದ ಕರಿ ಕುಪ್ಯ ತೊಟ್ಟ ಹುಡುಗರಿಬ್ಬರು ಪನ್ನೀರು ಹಾಕುತ್ತಿದ್ದರು. ಹೊಸ ತಲೆಮಾರು, ನನ್ನ ಗುರುತಿಲ್ಲ.

"ಯಾವ ಮನೆಯವರು?"

"ಮೇಲಿನಗದ್ದೆ. ಬಿಟ್ಟಂಗಾಲ."

ಹುಡುಗರು ಮುಖ ಮುಖ ನೋಡಿಕೊಂಡರು. "ಮೇಲಿನಗದ್ದೆಯವರು ಬೆಳಿಗ್ಗೆಯೇ ಬಂದಾಯ್ತಲ್ಲ?"

ಅರುವತ್ತೆರಡು ವರ್ಷ ಹೊತ್ತ ಮನೆಯ ಹೆಸರು ನನ್ನ ಹತ್ತಿರ ಇರಲಿಲ್ಲ. ನಾನೂ ಅವರ ನೆಂಟನೇ ಎಂದು ಹೇಳಿ ಒಳಗೆ ಹೋದೆ!

ಒಳಗೆ ವಾಲಗ ಜೋರಾಗಿತ್ತು. ಕುಣಿಯುವವರ ನಡುವೆ ಯಾರದೋ ಕೆಂಪು ಚೇಲೆಯನ್ನು ಸೊಂಟಕ್ಕೆ ಬಿಗಿದುಕೊಂಡು, ಎರಡೂ ಕೈ ಮೇಲೆತ್ತಿ, ಬೆವರು ಸುರಿಸುತ್ತ ಶಿವಾನಂದಪ್ಪ ಕುಣಿಯುತ್ತಿದ್ದರು. ಅವರು ಫೋನ್ ಯಾಕೆ ಎತ್ತಲಿಲ್ಲ ಎಂಬುದು ತಿಳಿಯಿತು. ಅವರ ಹೆಂಡತಿಗೆ ನಾಲ್ಕು ಹೆಂಗಸರು ಹಿಂದೆ ನೆರಿಗೆ ಬರುವಂತೆ ಸೀರೆ ಉಡಿಸಿದ್ದರು. ಅಜ್ಜಿ ಎಲ್ಲಿ ಎಂದು ಹುಡುಕಿದರೆ ವೇದಿಕೆಯ ಹತ್ತಿರ, ಮದುಮಗನ ಅಜ್ಜಿಯ ಪಕ್ಕದ ಕುರ್ಚಿಯಲ್ಲಿ! ಕೈಯಲ್ಲಿ ಎಲೆಅಡಿಕೆ.

ನಾನು ಕುಂಟುತ್ತ ಅಲ್ಲಿಗೆ ಹೋಗಿ ಮೆಲ್ಲಗೆ, "ಅಜ್ಜಿ, ಊಟ ಆಯ್ತಾ? ಏನು ಬಡಿಸಿದರು?" ಎಂದೆ.

"ಆತು ನೋಡಪ್ಪ. ಸಸ್ಯಾಹಾರದವ್ರಿಗೆ ಬ್ಯಾರೆ ಪಂಕ್ತಿನ ಐತಿ. ಅಕ್ಕಿ ಉಂಡಿ ಮಾಡ್ಯಾರ, ಭಾಳ ಚಲೋ ಆಗೈತಿ" ಎಂದು ಅಜ್ಜಿ ನನ್ನ ಬ್ಯಾಂಡೇಜ್ ನೋಡಿದರು. ಆಮೇಲೆ ಇಡೀ ಮಂಟಪಕ್ಕೆ ಕೇಳುವಂತೆ, "ಅಯ್ಯ ನಮ್ಮಪ್ಪ, ಏನಾತು ಕಾಲಿಗೆ? ನಿನ್ನಿ ಸಂಜಿಮುಂದ ಹಲಸಿನ ಗಿಡದ ಮ್ಯಾಲ ಇದ್ದಿಯಲ್ಲ!"

ವಾಲಗದವರು ಅದೇ ಕ್ಷಣಕ್ಕೆ ನಿಲ್ಲಿಸಬೇಕೇ!

ಚಂಗಪ್ಪ ನನ್ನ ಹಿಂದೆಯೇ ನಿಂತಿದ್ದ. ನನ್ನ ಬಲಗಾಲಿನ ಬ್ಯಾಂಡೇಜ್ ನೋಡಿದ. ಊರುಗೋಲು ನೋಡಿದ.

"ನೀನು ಕುಂಟುತ್ತಾ ಇರುವುದು ಎಡಗಾಲು, ಕುಶಾಲಾ" ಎಂದ.

ನಾನು ಕಾಲು ಬದಲಿಸಿದೆ. ಅದರಿಂದ ಪ್ರಯೋಜನವಾಗಲಿಲ್ಲ.

ಅವನು ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ನಕ್ಕುಬಿಟ್ಟ. "ಇರಲಿ ಬಿಡು. ನಿನ್ನ ಲೆಕ್ಕದ ಬಾಳೆ ನಿನ್ನ ದಾವಣಗೆರೆ ನೆಂಟರೇ ಕಡಿದ್ರು. ಮೂರು ಏಟು ಬೇಕಾಯ್ತು, ಆದ್ರೂ ಎಲ್ಲರೂ ಚಪ್ಪಾಳೆ ಹೊಡೆದ್ರು."

ಇದು ಮಾತ್ರ ನನಗೆ ನಾಟಿತು. ಮದುವೆಯಲ್ಲಿ ನೆಟ್ಟ ಬಾಳೆಯನ್ನು ಕತ್ತಿಯಿಂದ ಕಡಿಯುವುದು ಇಲ್ಲಿ ದೊಡ್ಡ ಗೌರವ. ದಾರಿಯಲ್ಲಿ ಹೋಗುವವರಿಗೆಲ್ಲ ಕೊಡುವುದಿಲ್ಲ. ಚಂಗಪ್ಪನ ಅಪ್ಪನಿಗೂ ನನ್ನ ಅಪ್ಪನಿಗೂ ಇದ್ದ ಸ್ನೇಹಕ್ಕೆ ಅವನು ಒಂದು ಬಾಳೆಯನ್ನು ನನಗಾಗಿ ಇಟ್ಟಿದ್ದ. ನನಗದು ಗೊತ್ತೇ ಇರಲಿಲ್ಲ. ಅವನು ಬಾಳೆ ನೆಡಿಸುವ ಹೊತ್ತಿಗೆ ನಾನು ಹಲಸಿನ ಮರದ ಮೇಲಿದ್ದೆ. ಅದನ್ನು ಬಟ್ಟೆ ವ್ಯಾಪಾರದ ಶಿವಾನಂದಪ್ಪ ಕಡಿದರು! ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಕರೆದುಕೊಂಡು ಬರಲು ಹೋದವನು ನಾನು. ಸಂಜೆ ಆರಕ್ಕೆ ಅವರ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ ಕರೆತಂದವರು ಅವರು. ದಾರಿಯುದ್ದಕ್ಕೂ ಅಜ್ಜಿ ಈ ಕಡೆಯ ಯಾವ ಮನೆಗೂ ಯಾವ ಮನೆಗೂ ಹೇಗೆ ಸಂಬಂಧ ಎಂದು ನನಗೆ ತಿಳಿಸಿಕೊಟ್ಟರು. ಅರ್ಧಕ್ಕರ್ಧ ನನಗೆ ಗೊತ್ತಿರಲಿಲ್ಲ.

ಗೇಟಿನಲ್ಲೇ ನಿಂತಿದ್ದ ಬೋಜಮ್ಮಕ್ಕ, "ಹೇಗಾಯ್ತು?" ಎಂದರು. ಶಿವಾನಂದಪ್ಪನವರ ಹೆಂಡತಿ ಅವರನ್ನು ತಬ್ಬಿಕೊಂಡರು. ಅವರು ಇನ್ನೂ ಆ ಹಿಂದೆ ನೆರಿಗೆಯ ಸೀರೆಯಲ್ಲೇ ಇದ್ದರು.

ನಾಲ್ಕು ದಿನದ ಮೇಲೆ ಅವರು ಬರೆದದ್ದು ಬಂತು. ಐದಕ್ಕೆ ಐದು ನಕ್ಷತ್ರ! ಶಾರದೆ ಗಟ್ಟಿಯಾಗಿ ಓದಿದಳು. ಕೋಣೆ, ಬಿಸಿನೀರು, ಬೋಜಮ್ಮಕ್ಕನ ಅಕ್ಕಿರೊಟ್ಟಿ ಎಲ್ಲದಕ್ಕೂ ಹೊಗಳಿಕೆ. ಮದುವೆಯ ಬಗ್ಗೆ ಎರಡು ಪುಟ. ನನ್ನ ಮೂರು ಹಾಳೆಯ ಬಗ್ಗೆ ಚಕಾರವಿಲ್ಲ. ಕೊನೆಯಲ್ಲಿ ಮಾತ್ರ ಒಂದು ಸಾಲು: 'ಪಕ್ಕದ ಮನೆಯ ಹಿರಿಯರು ಕರೆದ ಮದುವೆಗೆ ಹೋಗುವವರಲ್ಲವಾದ್ದರಿಂದ ಅವರ ಜಾಗ ನಮಗೆ ಸಿಕ್ಕಿತು. ಅವರಿಗೆ ನಮ್ಮ ಕುಟುಂಬದ ಅನಂತ ಧನ್ಯವಾದಗಳು.'

ಆಮೇಲೆ ಬೋಜಮ್ಮಕ್ಕನ ಎರಡು ಕೋಣೆಗಳು ಖಾಲಿ ಬಿದ್ದದ್ದೇ ಕಡಿಮೆ. ಅವರ ಮಗ ಗೊಬ್ಬರಕ್ಕೆ ಬೇರೆ ಜಾಗ ನೋಡಿಕೊಂಡ.

ನನಗೂ ಬುದ್ಧಿ ಬಂದಿತ್ತು. ಮುಂದಿನ ತಿಂಗಳು ಹದಿನೆಂಟಕ್ಕೆ ವಿರಾಜಪೇಟೆಯಲ್ಲಿ ಹಳೆಯ ಸಹೋದ್ಯೋಗಿಯ ಮಗಳ ಮದುವೆ. ಈ ಸಲ ಹೋಗಲೇಬೇಕು ಎಂದು ಕೋಟು ಬಿಸಿಲಿಗೆ ಹಾಕಿ, ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದೆ. ಬೋಜಮ್ಮಕ್ಕ ಬೇಲಿಯ ಹತ್ತಿರ ಬಂದು, ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.

"ತುಮಕೂರಿನವರು. ಆರು ಜನ, ಮೂರು ದಿನಕ್ಕೆ ಬುಕ್ ಮಾಡ್ತಾರಂತೆ. ನಿನ್ನ ಹತ್ರ ಒಂದು ಮಾತು ಕೇಳಬೇಕಂತೆ."

ಸಲಹೆ ಕೇಳಲು ಜನ ಇನ್ನೂ ಇದ್ದಾರೆ ಎಂದು ನನಗೆ ಖುಷಿಯಾಯಿತು. "ಹೇಳಿ" ಎಂದೆ ಗಂಭೀರವಾಗಿ.

"ಸಾರ್, ನಮಸ್ಕಾರ. ಹದಿನೆಂಟನೇ ತಾರೀಖು ಆ ಕಡೆ ಒಂದು ಮದುವೆ ಇದೆಯಂತಲ್ಲ? ಅದಕ್ಕೆ ನೀವು ಹೋಗ್ತಾ ಇಲ್ಲ ತಾನೇ?"

ಬೋಜಮ್ಮಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೂಟು ಕೆಳಗಿಟ್ಟೆ.

"ಇಲ್ಲ, ಹೋಗುವುದಿಲ್ಲ. ನೀವು ಧೈರ್ಯವಾಗಿ ಬನ್ನಿ" ಎಂದೆ.