ದುಂಡವ್ವನ ನಿದ್ದೆ ಮತ್ತು ನಮ್ಮ ಎಮ್ಮೆಯ ಮೂಗು

ಸದಲಗಾ, ೧೯೯೪

ಗಂಧಶಾಂತಿ ತೈಲ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ದೂಧಗಂಗೆಯ ದಂಡೆಯಿಂದ ಅನಂತ ನಮಸ್ಕಾರಗಳು. ನನ್ನ ಹೆಂಡತಿ ದುಂಡವ್ವ ತಮಗೆ ಆಶೀರ್ವಾದ ತಿಳಿಸಿದ್ದಾಳೆ. ನಮ್ಮ ಎಮ್ಮೆ ಏನನ್ನೂ ತಿಳಿಸಿಲ್ಲ.

ವರ್ಷಗಟ್ಟಲೆ ನಿದ್ದೆ ಬಾರದೆ ತಲೆ ಹಿಡಿದುಕೊಂಡು ಕೂರುತ್ತಿದ್ದ ದುಂಡವ್ವನಿಗೆ, ನಿಪ್ಪಾಣಿಯ ಸಂತೆಯಲ್ಲಿ ತಮ್ಮ ಏಜೆಂಟರು ಲ್ಯಾವೆಂಡರ್ ಹೂವಿನ ಎಣ್ಣೆಯ ಪುಟ್ಟ ಬಾಟಲಿ ಕೊಟ್ಟು, ಮಲಗುವಾಗ ದಿಂಬಿಗೂ ಮುಂಗೈಗೂ ಎರಡೆರಡು ಹನಿ ಸವರಿದರೆ ಸಾಕೆಂದರು. ತಮ್ಮ ಎಣ್ಣೆ ಸುಳ್ಳಾಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಅದು ನಿಜವಾಯಿತು. ನಿದ್ದೆ ಬಂತು, ತಲೆನೋವು ಹೋಯಿತು, ಅವಳ ಮುಖಕ್ಕೆ ಕಳೆ ಬಂತು.

ಆದರೆ ಬೆಳಿಗ್ಗೆ ಆ ಘಮದೊಡನೆ ಕೊಟ್ಟಿಗೆಗೆ ಹೋದ ಅವಳನ್ನು ಎಮ್ಮೆ ಗುರುತಿಸದೆ, ಮೂಸಿ, ಬುಸುಗುಟ್ಟಿ, ಹಾಲು ಹಿಂಡುವ ಚರಿಗೆಯನ್ನು ಅಂಗಳಕ್ಕೆ ಒದ್ದಿತು. ಸೋಪು ಹಚ್ಚಿ ತೊಳೆದರೂ ಘಮ ಹೋಗಲಿಲ್ಲ. ತಮ್ಮ ಮಾಲಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಗಲಾರದು. ನಮ್ಮ ಕಡೆ ಹಾಲು ಹಿಂಡುವ ಹೆಂಗಸು ತವರಿಗೆ ಹೋದರೆ, ಅವಳ ಸೀರೆ ಸುತ್ತಿಕೊಂಡು ಎಮ್ಮೆಯನ್ನು ನಂಬಿಸುವ ರೂಢಿಯುಂಟು. ಹೀಗಾಗಿ, ತವರಿಗೆ ಹೋಗದೆ ಒಳಗೆ ಗೊರಕೆ ಹೊಡೆಯುವ ಹೆಂಡತಿಯ ಹಳೆಯ, ತೊಳೆಯದ ಸೀರೆಯನ್ನು ಸುತ್ತಿಕೊಂಡು, ಮೀಸೆಯ ಮೇಲೆ ಸೆರಗೆಳೆದು ದಿನಾ ನಾನೇ ಹಿಂಡುತ್ತಿದ್ದೇನೆ. ನೆರೆಮನೆಯ ಸಕ್ಕುಬಾಯಿ ಗೋಡೆಯಾಚೆಯಿಂದ ಇಣುಕಿ, “ದುಂಡವ್ವಾ, ಮೀಸಿ ಛಲೋ ಬಂದಾವಲ್ಲಬೇ” ಎನ್ನುತ್ತಾಳೆ. ಡೇರಿಯ ಮಾಯಪ್ಪ, “ಬರ್ರಿ ಅಕ್ಕಾರ, ಮೊದಲ ನಿಮ್ಮ ಹಾಲ ಅಳೀತೀನಿ” ಎನ್ನುತ್ತಾನೆ.

ಆದಕಾರಣ ತಾವು ಹಸಿಮೇವು, ಸಗಣಿ, ಹಿಂಡಿ, ಬೆವರುಗಳನ್ನು ಹದವಾಗಿ ಬೆರೆಸಿ, ದುಂಡವ್ವನದೇ ವಾಸನೆಯ ಎಣ್ಣೆಯೊಂದನ್ನು ತಯಾರಿಸಿಕೊಡಬೇಕು. ಅದಾಗದಿದ್ದರೆ ಏಜೆಂಟರನ್ನು ಕಳಿಸಿ, ಲ್ಯಾವೆಂಡರಿನ ಗುಣಗಳನ್ನು ಎಮ್ಮೆಗೆ ಮನವರಿಕೆ ಮಾಡಿಸಬೇಕು. ಹಿಂಗಾಲಿನ ಹತ್ತಿರ ನಿಂತು ಹೇಳಿದರೆ ಬೇಗ ಉತ್ತರ ಸಿಗುತ್ತದೆ. ಎಣ್ಣೆ ಬಿಡೆಂದು ಹೆಂಡತಿಗೆ ಹೇಳಲು ಮಾತ್ರ ನನ್ನಿಂದಾಗದು. ಅವಳು ಅಷ್ಟು ನೆಮ್ಮದಿಯಿಂದ ಮಲಗಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ.

ಸೆರಗು ಸರಿಪಡಿಸಿಕೊಳ್ಳುತ್ತ,
ತಮ್ಮ ವಿಶ್ವಾಸಿ,
ಅಪ್ಪಾಸಾಬ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಬಾಟಲಿ ತೀರಿತು. ಘಮ ಪೂರ್ತಿ ಹೋದ ಮೇಲೆ ದುಂಡವ್ವ ಚರಿಗೆ ಹಿಡಿದು ಕೊಟ್ಟಿಗೆಗೆ ಹೋದಳು. ನಾನು ಸೀರೆಯನ್ನು ಮಡಚಿಟ್ಟು ಹಿಗ್ಗಿದೆ. ಎಮ್ಮೆ ಅವಳನ್ನು ಮೂಸಿ, ಮುಖ ತಿರುಗಿಸಿ, ನನ್ನ ಕಡೆ ನೋಡಿ ಕೂಗಿತು. “ಅದಕ್ಕ ನಿಮ್ಮ ಕೈ ರೂಢಿ ಆಗೇತಿ, ಇನ್ನ ನೀವ ಹಿಂಡ್ರಿ” ಎಂದು ಅವಳು ಚರಿಗೆಯನ್ನು ನನಗೆ ಕೊಟ್ಟು ಮತ್ತೆ ಮಲಗಲು ಹೋದಳು. ಮೇಲಿನ ವಿನಂತಿಗಳನ್ನೆಲ್ಲ ರದ್ದೆಂದು ತಿಳಿದು, ಇನ್ನೊಂದು ಬಾಟಲಿಯನ್ನು ಅವಳ ಹೆಸರಿಗೆ ಕಳಿಸಿ. ಸೀರೆ ನನ್ನ ಬಳಿ ಇದೆ.