ಹಂದಿ ಮಾಂಸವೂ ಮುಚ್ಚಳ ತೆಗೆಯುವ ಚಟವೂ

೧೯೬೮ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ನಾನು ಶಾಲೆಯನ್ನು ಬಿಟ್ಟದ್ದೋ, ಶಾಲೆ ನನ್ನನ್ನು ಬಿಟ್ಟದ್ದೋ ಎಂಬುದರಲ್ಲಿ ಮನೆಯಲ್ಲಿ ಎರಡು ಅಭಿಪ್ರಾಯವಿತ್ತು. ಆಮೇಲೆ ಮಂಗಳೂರಿನ ಒಂದು ಗ್ಯಾರೇಜು, ಅಲ್ಲಿಂದ ಬಹರೈನು, ಅಲ್ಲಿಂದ ಹಿಮ ಬೀಳುವ ಈ ಓಕ್‌ವಿಲ್ಲು. ಎಲ್ಲಿಯೂ ಯಾರೂ ಮಾರ್ಕ್ಸ್ ಕಾರ್ಡು ಕೇಳಲಿಲ್ಲ; ಕೇಳಿದ್ದರೆ ತೋರಿಸಲು ಎರಡು ಕೈ ಇದ್ದವು. ಕಾರಿನ ಬಿಡಿಭಾಗ ಮಾಡುವ ನಮ್ಮ ಫ್ಯಾಕ್ಟರಿಯಲ್ಲಿ ಯಂತ್ರ ನಿಂತರೆ, ಡಿಗ್ರಿಯವರು ದಪ್ಪ ಪುಸ್ತಕ ಬಿಡಿಸುವಷ್ಟರಲ್ಲಿ ನಾನು ಅದಕ್ಕೆ ಕಿವಿಗೊಟ್ಟು, ಎಲ್ಲಿ ತಟ್ಟಬೇಕೋ ಅಲ್ಲಿ ತಟ್ಟಿ ಓಡಿಸಿರುತ್ತೇನೆ. ಹಾಗಾಗಿ ಯಾವ ಸಾಮಾನಿನ ಜತೆ ಬಂದ ಪುಸ್ತಕವನ್ನೂ ನಾನು ಓದುವವನಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ, ಹೋದ ತಿಂಗಳವರೆಗೆ.

ಹೋದ ತಿಂಗಳಿಗೆ ನನ್ನ ಹೆಂಡತಿ ಲಿಲ್ಲಿ ಕ್ಯಾಲ್ಗರಿಗೆ ಹೋಗಿ ಹತ್ತು ವಾರ. ಮಗಳ ಬಾಣಂತನ. ದಿನಾ ಫೋನು ಮಾಡಿ ಒಂದೇ ಪ್ರಶ್ನೆ: "ಒಬ್ಬರೇ ಎಂತ ಮಾಡ್ತೀರಿ?" ಫ್ಯಾಕ್ಟರಿಯಿಂದ ಬಂದು ಟೀವಿ ಹಾಕಿ, ಮಾತಾಡುವವರು ಯಾರೆಂದು ನೋಡದೆ, ಮಾತಿನ ಸದ್ದು ಮಾತ್ರ ಕೇಳಿಕೊಂಡು ಕೂರುತ್ತೇನೆ ಎಂದು ಹೇಳಲಿಕ್ಕಾಗುತ್ತದೆಯೇ? ಒಂದು ದಿನ ಬಾಯಿ ಜಾರಿತು. "ಎಂತ ಒಬ್ಬರೇ? ಈ ಭಾನುವಾರ ಊಟಕ್ಕೆ ಎಂಟು ಜನ ಬರ್ತಾರೆ. ನನಗೆ ಪುರುಸೊತ್ತೇ ಇಲ್ಲ." "ಒಳ್ಳೆಯದಾಯ್ತು. ಏಳು ಗಂಟೆಗೆ ಫೋನ್ ಮಾಡ್ತೇನೆ, ಎಲ್ಲರ ಹತ್ತಿರ ಮಾತಾಡಿಸಿ" ಎಂದಳು ಅವಳು.

ಹೇಳಿಯಾದ ಮೇಲೆ ಕರೆಯಬೇಕಲ್ಲ. ಇಲ್ಲಿಯ ಕನ್ನಡ ಸಂಘದಲ್ಲಿ ನನಗೆ ಪರಿಚಯದವರು ಬಹಳ. ಆದರೆ ನಮ್ಮಲ್ಲಿ ಊಟಕ್ಕೆ ಕರೆದರೆ ಹಂದಿ ಆಗಲೇಬೇಕು, ಅಲ್ಲಿ ಅದರ ಹೆಸರೆತ್ತುವ ಹಾಗಿಲ್ಲ. ಹನ್ನೆರಡು ವರ್ಷದಿಂದ ಯುಗಾದಿಗೆ ನಾವು ಪಾಯಸ ಹೊತ್ತುಕೊಂಡು ಹೋಗುವುದರಿಂದ, ಡಿಸೋಜರದು ಶುದ್ಧ ಸಸ್ಯಾಹಾರ ಎಂದು ಅರ್ಧ ಸಂಘ ನಂಬಿದೆ. ಕೊನೆಗೆ ಬ್ರ್ಯಾಂಪ್ಟನ್ನಿನ ಬೆನ್ನಿ ಮನೆಯವರು ನಾಲ್ಕು, ಮಿಸ್ಸಿಸಾಗದ ನಮ್ಮೂರಿನವರು ನಾಲ್ಕು, ಎಂಟು ತಲೆ ಕೂಡಿಸಿ ಒಂದು ಗಂಟೆಗೆ ಊಟ, ಏಳರವರೆಗೆ ಎದ್ದು ಹೋಗುವ ಹಾಗಿಲ್ಲ ಎಂದೆ.

ಬೇಸಿಗೆಯಲ್ಲಿ ತಂದ ಪೆಲೆಟ್ ಗ್ರಿಲ್ಲು ಹಿತ್ತಿಲಲ್ಲಿತ್ತು. ಮರದ ಹುಡಿಯನ್ನು ಗುಳಿಗೆಯ ಹಾಗೆ ಒತ್ತಿ ಮಾಡಿದ್ದನ್ನು ಒಂದು ಕಡೆ ಸುರಿದರೆ, ಒಳಗಿನ ತಿರುಪು ಅದನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ದೂಡುತ್ತದೆ. ಹೊಗೆಯಲ್ಲೇ ಮಾಂಸ ಬೇಯುತ್ತದೆ. ಪೋರ್ಚುಗೀಸ್ ಕಟುಕನಲ್ಲಿಂದ ಎಂಟು ಪೌಂಡಿನ ಹೆಗಲಿನ ತುಂಡು ತಂದು, ಲಿಲ್ಲಿ ಮಾಡಿಟ್ಟ ಹಂದಿಯ ಮಸಾಲೆ ಬಫಾತ್ ಪುಡಿಯನ್ನು ವಿನೆಗರಿನಲ್ಲಿ ಕಲಸಿ ಮೆತ್ತಿ, ಭಾನುವಾರ ಬೆಳಿಗ್ಗೆ ಆರಕ್ಕೆ ಹಿಮ ತೋಡಿ ದಾರಿ ಮಾಡಿಕೊಂಡು ಹೋಗಿ ಇಟ್ಟೆ. ಹೊರಗೆ ಮೈನಸ್ ಹದಿನೆಂಟು. ಊರಲ್ಲಿ ಒಲೆಯ ಮೇಲೆ ಒಂದೂವರೆ ಗಂಟೆಗೆ ಬೇಯುವ ಹಂದಿ ಇಲ್ಲಿ ಏಳು ಗಂಟೆಗೆ ಬೇಯದೆ ಎಲ್ಲಿಗೆ ಹೋಗುತ್ತದೆ?

ಈಗ ನನ್ನ ಚಟ ಹೇಳಬೇಕು. ನಮ್ಮ ಕಡೆ ಹಂದಿ ಬೇಯಿಸುವವ ಪಾತ್ರೆಯ ಹತ್ತಿರದಿಂದ ಏಳುವುದಿಲ್ಲ. ಗಳಿಗೆಗೊಮ್ಮೆ ಮುಚ್ಚಳ ತೆಗೆದು, ಸೌಟು ಆಡಿಸಿ, ಪಕ್ಕದಲ್ಲಿದ್ದವರ ಅಂಗೈಗೆ ಒಂದು ತೊಟ್ಟು ರಸ ಹಾಕಿ "ಎಂತ, ಹುಳಿ ಸಾಕಾ?" ಎಂದು ಕೇಳಬೇಕು. ಯಾರನ್ನೂ ಕೇಳದೆ ಬೇಯಿಸಿದ್ದು ಹಂದಿಯೇ ಅಲ್ಲ. ನಾನೂ ತೆಗೆದೆ. ಹದಿನೈದು ನಿಮಿಷಕ್ಕೊಮ್ಮೆ ಕೋಟು ಹಾಕಿ, ಬೂಟು ಹಾಕಿ, ಹೋಗಿ ತೆಗೆದೆ. ನಿಜ ಹೇಳಿದರೆ ಹುಳಿ ನೋಡಲಿಕ್ಕಲ್ಲ. ಮುಚ್ಚಳ ಎತ್ತಿದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಯಾರೋ ಮನೆಯ ಬಾಗಿಲು ತೆಗೆದು "ಬಂದ್ರಾ?" ಎಂದ ಹಾಗೆ.

ಒಂದು ಗಂಟೆಗೆ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರು ಫ್ಯಾರನ್‌ಹೀಟಿನಲ್ಲಿ ನೂರಮೂವತ್ತು ತೋರಿಸಿತು. ಇನ್ನೂರರ ಹತ್ತಿರ ಬರಬೇಕು. ಎರಡೂ ಮನೆಗೆ ಫೋನು ಮಾಡಿ ಮೂರಕ್ಕೆ ಬನ್ನಿ ಎಂದೆ. ಮೂರಕ್ಕೆ ನೂರನಲವತ್ತು. ಪುನಃ ಫೋನು. ಬೆನ್ನಿ ನಗುತ್ತಿದ್ದ. "ಜೆರಿಯಣ್ಣ, ಹಂದಿ ಇನ್ನೂ ಬದುಕಿ ಉಂಟಾ? ಮಕ್ಕಳಿಗೆ ಹಸಿವು ತಡೀಲಿಕ್ಕಾಗ್ಲಿಲ್ಲ, ಪಿಜ್ಜಾ ತರಿಸಿದೆವು. ಹಿಮ ಬೇರೆ ಶುರುವಾಯ್ತು." ಮಿಸ್ಸಿಸಾಗದವರು ಮುಂದಿನ ಭಾನುವಾರ ನೋಡುವ ಎಂದರು. "ಬೇಯದಿದ್ದರೆ ಬೇಡ, ಸುಮ್ಮನೆ ಬನ್ನಿ, ಒಟ್ಟಿಗೆ ಕೂತು ಕಾಯುವ" ಎಂದಿದ್ದರೆ ಬರುತ್ತಿದ್ದರೋ ಏನೋ. ಅದೊಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಅಡುಗೆಯಾಗದ ಮನೆಗೆ ಜನ ಕರೆಯುವುದು ಅವಮಾನ ಎಂದುಕೊಂಡು ಹೋಗಿ ಇನ್ನೊಮ್ಮೆ ಮುಚ್ಚಳ ತೆಗೆದೆ.

ಐದಕ್ಕೆ ಬೇಲಿಯಾಚೆ ಒಂದು ಮಂಕಿ ಟೋಪಿ ಕಾಣಿಸಿತು. ಪಕ್ಕದ ಮನೆಯ ಮೂರ್ತಿ, ಮೈಸೂರಿನವರು, ಸಾಫ್ಟ್‌ವೇರು, ಈರುಳ್ಳಿಗೂ ಯೋಚನೆ ಮಾಡುವವರು.

"ಏನ್ರೀ ಡಿಸೋಜಾ, ಬೆಳಗ್ಗೆಯಿಂದ ಹೊಗೆ! ಹೋಮ ಇಟ್ಕೊಂಡಿದೀರಾ?"

"ಹಂದಿ, ಮಾರಾಯ್ರೆ."

ಎರಡು ಹೆಜ್ಜೆ ಹಿಂದೆ ಹೋದರು. ಆಮೇಲೆ ನನ್ನ ಮುಖ ನೋಡಿದರೋ ಏನೋ, ಗೇಟು ತೆಗೆದು ಒಳಗೆ ಬಂದರು. ಮೂಗಿಗೆ ಮಫ್ಲರು ಕಟ್ಟಿಕೊಂಡು, ಗ್ರಿಲ್ಲಿನ ಕಾಲಿಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಹಾಗೇ ಇದ್ದ ಪುಸ್ತಕ ಬಿಚ್ಚಿ, ಲೈಟಿನಡಿ ಓದಿದರು. "ಮುಚ್ಚಳ ತೆಗೆದಾಗಲೆಲ್ಲ ಕಾಲು ಗಂಟೆ ಜಾಸ್ತಿ ಅಂತ ದಪ್ಪಕ್ಷರದಲ್ಲಿ ಬರೆದಿದಾರಲ್ರೀ! ಎಷ್ಟು ಸಲ ತೆಗೆದ್ರಿ?"

"ಒಂದು ನಲವತ್ತು ಸಲ." ಯಾಕೆ ತೆಗೆದೆ ಎಂದು ಹುಳಿಯ ಕಥೆಯನ್ನೂ ಹೇಳಿದೆ.

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಪುಸ್ತಕದ ಪ್ರಕಾರ ಇದು ನಾಳೆ ತಿಂಡಿಗೆ ಆಗುತ್ತೆ." ಬೆಂಕಿ ಏರಿಸಿ, ನನ್ನ ತೋಳು ಹಿಡಿದು ಅಡುಗೆಮನೆಯಲ್ಲಿ ಕೂರಿಸಿ, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ತಾವೂ ಕೂತರು.

ಏಳಕ್ಕೆ ಸರಿಯಾಗಿ ಫೋನು. "ಎಲ್ಲ ಬಂದ್ರಾ? ಯಾರಿಗಾದ್ರೂ ಕೊಡಿ," ಎಂದಳು ಲಿಲ್ಲಿ. ನಾನು ಮೂರ್ತಿಯವರಿಗೆ ಎಂಟು ಬೆರಳು ತೋರಿಸಿ, ಕೈ ಮುಗಿದು, ಫೋನು ಕೊಟ್ಟೆ. ಪಾಪ, ಒಳ್ಳೆಯ ಮನುಷ್ಯ. "ನಮಸ್ಕಾರ ಮೇಡಂ! ಹೂಂ, ಎಂಟು ಜನಾನೂ ಇದೀವಿ. ಹಂದಿ ತುಂಬ ಚೆನ್ನಾಗಿತ್ತು!"

ಆ ಕಡೆಯಿಂದ ನಗು ನನಗೂ ಕೇಳಿಸಿತು. "ಮೂರ್ತಿಯವರೇ, ನೀವು ಯಾವಾಗಿನಿಂದ ಶುರು ಮಾಡಿದ್ದು?" ಅವರು ಕೈ ಸುಟ್ಟವರ ಹಾಗೆ ಫೋನು ನನಗೆ ವಾಪಸು ಕೊಟ್ಟರು.

ಲಿಲ್ಲಿ ಬಯ್ಯಲಿಲ್ಲ. "ನೋಡಿ, ಫ್ರೀಜರಿನ ಮೇಲಿನ ಶೆಲ್ಫಿನಲ್ಲಿ ಸಣ್ಣ ಡಬ್ಬಿಗಳುಂಟು. ಒಬ್ಬರಿಗೆ ಒಂದು ಊಟಕ್ಕೆ ಸಾಕಾಗುವಷ್ಟು ಹಾಕಿಡಿ. ಇಲ್ಲಿಗೆ ಬರುವಾಗಲೇ ತೊಳೆದಿಟ್ಟಿದ್ದೆ."

"ಬರುವಾಗಲೇ ಯಾಕೆ?"

"ಜನ ಕರೆಯುವ ಬಾಯಿ ನಿಮಗೆ ಎಲ್ಲುಂಟು?"

ಎಂಟೂವರೆಗೆ ಮಾಂಸ ಬೆಂದಿತು. ಮೂರ್ತಿ ತಮ್ಮ ಮನೆಯಿಂದ ಮೊಸರನ್ನ ತಂದು, ಮೇಜಿನ ಆ ತುದಿಯಲ್ಲಿ ಗೋಡೆ ನೋಡಿಕೊಂಡು ಉಣ್ಣಲು ಕೂತರು. ನಾನು ಈ ತುದಿಯಲ್ಲಿ. ಮೊದಲ ತುತ್ತು ಬಾಯಿಗಿಟ್ಟಾಗ ಅವರು ಗೋಡೆಯ ಕಡೆಯೇ ತಿರುಗಿ ಕೇಳಿದರು:

"ಏನ್ರೀ, ಹುಳಿ ಸಾಕಾ?"

ಸಾಕು ಎಂದು ಮೂಗು ಸೊರ್ರೆನ್ನಿಸಿ ಒರೆಸಿಕೊಂಡೆ. ಮೆಣಸಿನ ಖಾರ ಎಂದೆ.

ಈಗ ನನ್ನ ಹತ್ತಿರ ಇರುವುದಿಷ್ಟು. ಮನೆ ಒಂದು, ಕುರ್ಚಿ ಹತ್ತು. ಹೆಂಡತಿ ಒಬ್ಬಳು, ಮಾರ್ಚಿನವರೆಗೆ ಕ್ಯಾಲ್ಗರಿಯಲ್ಲಿ. ಮೊಮ್ಮಗಳು ಒಬ್ಬಳು, ಫೋಟೊದಲ್ಲಿ. ಗ್ರಿಲ್ಲು ಒಂದು. ಅದರ ಪುಸ್ತಕ ಒಂದು, ಒಂಬತ್ತನೇ ಪುಟದವರೆಗೆ ಓದಿದ್ದೇನೆ. ನೆರೆಯವರು ಒಬ್ಬರು. ಡಬ್ಬಿ ಹದಿನಾಲ್ಕು, ಅದರಲ್ಲಿ ಐದು ಈಗಾಗಲೇ ಖಾಲಿ.