ಓಕುಳಿ ಕಡಾಯಿ ಮತ್ತು ಶಿವಯೋಗಿ ಸರ್ ಪುಡಿ

ಇಷ್ಟೆಲ್ಲ ಆದದ್ದು ಶಿವಯೋಗಿ ಸರ್ ಪುಡಿಯ ಡಬ್ಬಿಯನ್ನು ಕಟ್ಟೆಯ ಮೇಲೆ ಬಿಟ್ಟು ಹಾಲು ತರಲು ಹೋದದ್ದರಿಂದ.

ಅಕ್ಕಿಆಲೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸರ್, ವರ್ಷವಿಡೀ ಒದ್ದಾಡಿ ಒಂದು ಡಬ್ಬಿ ಬಿಳಿ ಪುಡಿ ಮಾಡಿದ್ದರು. ಬಣ್ಣದ ನೀರಿಗೆ ಬೆರೆಸಿ ಬಿಸಿಲಿಗಿಟ್ಟರೆ ಸಾಕು. ಬೆಳಕು ತಾಗಿದ ಪುಡಿ ಬಣ್ಣವನ್ನೆಲ್ಲ ಒಡೆದು ಹಾಕುತ್ತದೆ. ಹೋಳಿಹಬ್ಬಕ್ಕೆ ಕೆರೆ ಸೇರುವ ಬಣ್ಣದ ರಾಡಿಗೂ ಇದೇ ಮದ್ದು ಎಂದು ಹೇಳಿ ಹೇಳಿ ಅವರ ಬಾಯಿ ಒಣಗಿತ್ತು. ಯಾರೂ ನಂಬಲಿಲ್ಲ.

ಕೊನೆಗೆ ಪ್ರಾಚಾರ್ಯೆ ಶೈಲಶ್ರೀ ಮೇಡಂ, "ಹಬ್ಬದ ದಿನ ಮಧ್ಯಾಹ್ನ ಬರ್ತೇನಿ. ನೀರು ತಿಳಿ ಆಗಿದ್ರ ಮರುದಿನ ಹಾನಗಲ್ಲ ವಿಜ್ಞಾನ ಪ್ರದರ್ಶನಕ್ಕ ನಿಮ್ಮನ್ನ ಕಳಸ್ತೇನಿ" ಎಂದಿದ್ದರು.

ಅಂಗಳದಲ್ಲಿ ಒಂದು ಬಕೆಟ್ ನೀಲಿ ನೀರು ಸಿದ್ಧವಿತ್ತು. ಹಾಲು ತಂದು ನೋಡಿದರೆ ಡಬ್ಬಿ ಹೆಚ್ಚುಕಡಿಮೆ ಖಾಲಿ!

"ನಾನ ಹಾಕೇನಿ ಬಿಡ್ರಿ ಸರ. ಚಲೋತ್ನಂಗ ಕಲಸೇನಿ" ಎಂದಳು ಪಕ್ಕದ ಮನೆಯ ಸರೋಜವ್ವ.

"ನಿಮ್ಮಂಥವ್ರು ಬಾಜೂಕ ಇರಾಕ ಪುಣ್ಯ ಮಾಡಿರಬೇಕ್ರಿ!" ಎಂದು ಸರ್ ನೆಮ್ಮದಿಯಿಂದ ಚಹಾ ಕುಡಿದರು.

ಮಧ್ಯಾಹ್ನ ಮೇಡಂ ಬಂದರು. ನೀರು ಮುಂಜಾನೆಯಷ್ಟೇ ನೀಲಿ. ಸರ್ ಗಾಬರಿಯಿಂದ ಕೈಯಾಡಿಸಿದರು, ಕೈಯೂ ನೀಲಿಯಾಯಿತು.

"ಇರ್ಲಿ ಬಿಡ್ರಿ, ಭೌತಶಾಸ್ತ್ರದ ಸುದೀಪ ಸರ್ ಹೋಗ್ಲಿ. ಅವ್ರು ಸೂರ್ಯನ ಒಲಿ ಮಾಡ್ಯಾರ" ಎಂದು ಮೇಡಂ ಹೊರಟರು. ಸರ್‌ಗೆ ಅಳುವೊಂದೇ ಬಾಕಿ.

ಅಷ್ಟರಲ್ಲಿ ಓಣಿಯಲ್ಲಿ ಗದ್ದಲ. ಓಣಿಯ ಹುಡುಗರು ಓಕುಳಿಯ ದೊಡ್ಡ ಕಡಾಯಿಯಿಂದ ಪಿಚಕಾರಿ ತುಂಬಿ ಕೆಳಗಿನ ಓಣಿಯವರ ಮೇಲೆ ಹೊಡೆದರೆ, ಬಂದದ್ದು ಅಕ್ಕಿ ತೊಳೆದಂಥ ನೀರು! ಕೆಳಗಿನವರು ಬಿದ್ದು ಬಿದ್ದು ನಗುತ್ತಿದ್ದರು.

"ನಮ್ಮ ಬಣ್ಣ ಕೆಡಿಸಿದಾಂವ ಯಾಂವಲೇ?" ಓಣಿಯ ಮುಂದಾಳು ರಾಜಕುಮಾರ ಗುಡುಗಿದ.

ಸರೋಜವ್ವ ಸರ್ ಕಿವಿಯಲ್ಲಿ ಉಸುರಿದಳು: "ಓಕುಳಿಗೆ ಹಾಕೂ ಸುಣ್ಣ ಅಂತ ತಿಳದು ಕಡಾಯಿಗೆ ಸುರುವಿದ್ನೆಲ್ರಿ ಸರ! ಸುಮ್ನಿರ್ರಿ, ಬಾಯಿ ಬಿಡಬ್ಯಾಡ್ರಿ!"

ಸುಮ್ಮನಿರುವುದೇ? ಸರ್ ಎದೆ ಉಬ್ಬಿತು. ಕಟ್ಟೆ ಹತ್ತಿ ಕೂಗಿದರು: "ನಾನ! ನನ್ನ ಪುಡಿ! ಮೇಡಂ, ತಿರುಗಿ ನೋಡ್ರಿ!"

ಮೇಡಂ ಬಂದು ಕಡಾಯಿಗೆ ಇಣುಕಿದರು. "ಇದು ಬಣ್ಣದ ನೀರ ಇತ್ತಂತ ಏನ ಖಾತ್ರಿ?"

"ಮುಂಜಾನೆ ನಾವ ಕಲಸೇವ್ರಿ, ಕೈಯಾರೆ!" ಇಡೀ ಓಣಿ ಸಿಟ್ಟಿನಿಂದ ಸಾಕ್ಷಿ ಹೇಳಿತು.

"ಶಭಾಷ್! ನಾಳೆ ಹಾನಗಲ್ಲಿಗೆ ನೀವ ಹೋಗ್ರಿ. ಪುಡಿ ಮರೀಬ್ಯಾಡ್ರಿ" ಎಂದರು ಮೇಡಂ. ಸರ್‌ಗೆ ಜನ್ಮ ಸಾರ್ಥಕವೆನಿಸಿತು.

ಆದರೆ ಓಣಿಯ ಸಿಟ್ಟು ಇಳಿದಿರಲಿಲ್ಲ. ಅಲ್ಲಿ ಉಳಿದಿದ್ದ ಬಣ್ಣವೆಂದರೆ ಸರ್ ಅಂಗಳದ ಒಂದೇ ಬಕೆಟ್. ಅದನ್ನು ನಾಲ್ಕು ಜನ ಎತ್ತಿ ಸರ್ ತಲೆಯ ಮೇಲೆ ಮಗುಚಿದರು.

ಪುಡಿ ಬೆರೆತ ಕಡಾಯಿಯ ನೀರನ್ನು ಹುಡುಗರು ಆಗಲೇ ಗಟಾರಕ್ಕೆ ಚೆಲ್ಲಿದ್ದರು. ಅಡಿಯಿಂದ ಮುಡಿಯವರೆಗೆ ನೀಲಿಯಾಗಿ ನಿಂತ ಸರ್ ಮುಂದೆ ಸರೋಜವ್ವ ಡಬ್ಬಿ ಹಿಡಿದು ಬಂದಳು.

"ತಳದಾಗ ಒಂದೀಟ ಉಳದೈತ್ರಿ ಸರ. ಮಕಕ್ಕ ಹಚ್ಚಿ ಬಿಸಲಾಗ ಕುಂದ್ರಸ್ಲೇನ್ರಿ, ಇಲ್ಲಾ ಹಾನಗಲ್ಲಿಗೆ ಒಯ್ತೀರೇನ್ರಿ?"